ಚಳಿಗಾಲದಲ್ಲಿ ಚಾಮುಂಡಿ ಬೆಟ್ಟದಿಂದ ಸೈಕಲ್‌ನಲ್ಲಿ ಇಳಿಯುವವರೇ, ಜಾಕೆಟ್ ಬಿಟ್ಟು ಹೋಗಬೇಡಿ

ಡಿಸೆಂಬರ್, ಜನವರಿಯ ನಸುಕಿನಲ್ಲಿ ಸೈಕಲ್ ತುಳಿದು ಚಾಮುಂಡಿ ಬೆಟ್ಟಕ್ಕೆ ಹೋಗುವವರು ದಯವಿಟ್ಟು ಇದನ್ನು ಓದಿ. ಹೊಸಬರನ್ನು ಕರೆದೊಯ್ಯುವವರಂತೂ ಓದಲೇಬೇಕು.

ಕಳೆದ ಧನುರ್ಮಾಸದಲ್ಲಿ ನಾವೊಂದು ಗುಂಪು ತಾವರೆಕಟ್ಟೆ ಕಡೆಯಿಂದ ಹೊರಟೆವು. ಮುಂದಾಳು "ಎರಡು ತಿರುವು ದಾಟಿದರೆ ಮೈ ಬಿಸಿಯಾಗುತ್ತದೆ, ಜಾಕೆಟ್ ಸುಮ್ಮನೆ ಭಾರ" ಎಂದು ಎಲ್ಲರ ಜಾಕೆಟ್‌ಗಳನ್ನೂ ಕೆಳಗೆ ಕಾರಿನಲ್ಲಿ ಇರಿಸಿದರು. ಬೇಡವೆಂದರೂ ಕೇಳಲಿಲ್ಲ. ಮೈ ಬಿಸಿಯಾದದ್ದು ನಿಜ. ಮೇಲೆ ತಲುಪುವಾಗ ಅಂಗಿ ಹಿಂಡುವಷ್ಟು ಬೆವರು. ದೇವಸ್ಥಾನದ ಗೋಪುರವೇ ಕಾಣದಷ್ಟು ಮಂಜಿನಲ್ಲಿ, ಆ ಒದ್ದೆ ಬಟ್ಟೆಯಲ್ಲೇ ಟೀ, ಫೋಟೊ, ಹರಟೆ.

ಅಪಾಯವಿರುವುದು ಇಳಿಜಾರಿನಲ್ಲಿ. ಇಳಿಯುವಾಗ ಕಾಲಿಗೆ ಕೆಲಸವಿಲ್ಲ, ಹಾಗಾಗಿ ಮೈಯಲ್ಲಿ ಶಾಖ ಅಷ್ಟಾಗಿ ಹುಟ್ಟುವುದಿಲ್ಲ. 10 ಡಿಗ್ರಿ ಚಳಿಯಲ್ಲಿ ಗಂಟೆಗೆ 40 ಕಿ.ಮೀ. ವೇಗದ ಗಾಳಿ ಬರಿಯ ಚರ್ಮಕ್ಕೆ ಸುಮಾರು 6 ಡಿಗ್ರಿಯಂತೆ ಕೊರೆಯುತ್ತದೆ. ಆರುವ ಬೆವರು ಎಳೆದುಕೊಳ್ಳುವ ಶಾಖ ಬೇರೆ. ಎದೆ, ಹೊಟ್ಟೆಯನ್ನು ಬೆಚ್ಚಗಿಡಲು ದೇಹವು ಬೆರಳುಗಳಿಗೆ ಹೋಗುವ ರಕ್ತವನ್ನು ತಗ್ಗಿಸುತ್ತದೆ. ಬ್ರೇಕ್ ಹಿಡಿಯಬೇಕಾದದ್ದು ಅದೇ ಬೆರಳುಗಳು.

"ಅಣ್ಣಾ, ಬೆರಳು ಬಗ್ಗುತ್ತಿಲ್ಲ" ಎಂದು ನಮ್ಮ ಬೀದಿಯ ಹುಡುಗ ಹಿಂದಿನಿಂದ ಕೂಗಿದ. ಅವನದು ರಿಮ್ ಬ್ರೇಕ್, ಅಂದರೆ ಗಾಲಿಯ ಲೋಹದ ಅಂಚನ್ನು (ರಿಮ್) ರಬ್ಬರ್ ತುಂಡುಗಳು ಒತ್ತಿ ಹಿಡಿಯುವ ಬ್ರೇಕ್. ಮಂಜಿಗೆ ರಿಮ್ ತೊಯ್ದಿದ್ದರೆ ಅದು ಹಿಡಿದ ಕೂಡಲೇ ಕಚ್ಚುವುದಿಲ್ಲ, ಗಾಲಿ ಸುತ್ತಿ ನೀರು ಒರೆಸಿಹೋದ ಮೇಲಷ್ಟೇ ಕಚ್ಚುತ್ತದೆ. ತಿರುವಿನಲ್ಲಿ ಒದ್ದೆ ತರಗೆಲೆ ಬೇರೆ. ನನ್ನನ್ನು ದಾಟಿ ಹೋಗಿ ರಸ್ತೆ ಬದಿಯ ತಡೆಗೋಡೆಗೆ ಬಡಿದ. ಕಾಲರ್ ಬೋನ್ ಮುರಿಯಿತು. ಎದುರಿನಿಂದ ಬಸ್ ಬರುತ್ತಿರಲಿಲ್ಲ, ತಾಯಿಯೇ ಕಾಪಾಡಿದಳು. ಅವನ ಅಮ್ಮನಿಗೆ ಫೋನ್ ಮಾಡಿ ಹೇಳುವಾಗ ನನ್ನ ಬಾಯಿ ಒಣಗಿಹೋಗಿತ್ತು. ಮುಂದಾಳು ಮಾತ್ರ "ಅವನಿಗೆ ಅಭ್ಯಾಸ ಸಾಲದು" ಎಂದುಬಿಟ್ಟರು. ಹದಿಹರೆಯದ ಹುಡುಗನ ಮೇಲೆ ಹೊರಿಸಿದ ಆ ಮಾತನ್ನು ನಾನು ಒಪ್ಪುವುದಿಲ್ಲ.

ಗಾಳಿ ತಡೆಯುವ ತೆಳು ಜಾಕೆಟ್ ಮಡಚಿದರೆ ಸೈಕ್ಲಿಂಗ್ ಅಂಗಿಯ ಬೆನ್ನಿನ ಜೇಬಿಗೆ ಹಿಡಿಸುತ್ತದೆ. ತುದಿ ಮುಟ್ಟಿದ ಕೂಡಲೇ, ಮೈ ಇನ್ನೂ ಬಿಸಿಯಿರುವಾಗಲೇ ತೊಟ್ಟುಕೊಳ್ಳಿ. ಅದಿಲ್ಲದಿದ್ದರೆ ದಿನಪತ್ರಿಕೆಯ ಹಾಳೆಗಳನ್ನು ಅಂಗಿಯೊಳಗೆ ಎದೆಗೆ ಹರಡಿಕೊಳ್ಳಿ. ಆಲ್ಪ್ಸ್ ಪರ್ವತದ ಇಳಿಜಾರುಗಳಲ್ಲಿ ರೇಸ್ ಸವಾರರು ಮಾಡುತ್ತಿದ್ದದ್ದೂ ಇದನ್ನೇ. ಬೆರಳು ಪೂರ್ತಿ ಮುಚ್ಚುವ ಗ್ಲೌಸ್ ಬೇಕೇ ಬೇಕು. ಮೊದಲಿನಿಂದಲೂ ಆಗಾಗ ಬ್ರೇಕ್ ಮೆಲ್ಲಗೆ ಒತ್ತಿ ರಿಮ್ ಒಣಗಿಸುತ್ತಿರಿ. ನಡುಕಕ್ಕೆ ಹ್ಯಾಂಡಲ್ ಅಲುಗಾಡಿದರೆ ಮೊಣಕಾಲನ್ನು ಫ್ರೇಮಿನ ಮೇಲಿನ ಕೊಳವೆಗೆ ಒತ್ತಿ ಹಿಡಿದು ವೇಗ ಇಳಿಸಿ. ಬೆರಳು ಮರಗಟ್ಟತೊಡಗಿದರೆ ಕೆಳಗೆ ತಲುಪುವವರೆಗೆ ಕಾಯದೆ ಅಲ್ಲೇ ನಿಂತು, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗಾದ ಮೇಲೆ ಹೊರಡಿ. ಗುಂಪು ಮುಂದೆ ಹೋದರೆ ಹೋಗಲಿ.