ಮಲ್ಪೆಯಿಂದ ದ್ವೀಪ ಸುತ್ತು: ಟಿಕೆಟ್ ಬೋಟೋ, ಬಾಡಿಗೆ ಬೋಟೋ?

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದ ಕಡೆಗೆ ಹೋಗುವ ಬೋಟುಗಳಲ್ಲಿ ಎರಡು ಬಗೆ. ಕೌಂಟರಿನಲ್ಲಿ ಟಿಕೆಟ್ ತೆಗೆದು ಹತ್ತುವ ದೊಡ್ಡ ಬೋಟು ಒಂದು. ಏಳೆಂಟು ಮಂದಿ ಸೇರಿ ಗಂಟೆ ಲೆಕ್ಕದಲ್ಲಿ ಹಿಡಿಯುವ ಸಣ್ಣ ಬೋಟು ಮತ್ತೊಂದು. ಅದರಲ್ಲಿ ಗೈಡ್ ಕೂಡ ಇರುತ್ತಾರೆ. ಎರಡಕ್ಕೂ ಈಗೀಗ ಡಾಲ್ಫಿನ್ ಟೂರ್, ವನ್ಯಜೀವಿ ವಿಹಾರ ಎಂಬ ಹೆಸರು ಅಂಟಿಕೊಂಡಿದೆ. ಹೆಸರು ನೋಡಿ ದುಡ್ಡು ಕೊಡಬೇಡಿ. ಟಿಕೆಟ್ ಬೋಟಿನಲ್ಲಿ ನೋಡಲು ಸಿಗುವುದು ದ್ವೀಪದ ಕಲ್ಲುಕಂಬಗಳು. ಹಕ್ಕಿ, ಡಾಲ್ಫಿನ್ ಬೇಕಿದ್ದರೆ ಬಾಡಿಗೆ ಬೋಟೇ ಆಗಬೇಕು, ಅದೂ ಬೆಳಗಿನ ಹೊತ್ತು, ಅದೂ ನವೆಂಬರಿನಿಂದ ಫೆಬ್ರವರಿಯ ಒಳಗೆ.

ಟಿಕೆಟ್ ಬೋಟಿನ ವಿಷಯ ಬೇಗ ಮುಗಿಯುತ್ತದೆ. ಬಂದರಿನಿಂದ ಐದಾರು ಕಿಲೋಮೀಟರ್, ಅರ್ಧ ಗಂಟೆಯ ಹಾದಿ. ಜನ ತುಂಬಿದ ಮೇಲೆ ಹೊರಡುತ್ತದೆ, ನೇರ ಹೋಗಿ ತೆಂಗಿನ ಮರಗಳಿರುವ ದ್ವೀಪಕ್ಕೆ ಇಳಿಸುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮರಳಿ ಕರೆತರುತ್ತದೆ. ಸ್ಪೀಕರಿನ ಹಾಡು, ಎಂಜಿನಿನ ಗುಡುಗು, ಎದ್ದು ನಿಂತ ಜನ: ಇಷ್ಟರ ನಡುವೆ ಯಾವ ಪ್ರಾಣಿಯೂ ಹತ್ತಿರ ಸುಳಿಯುವುದಿಲ್ಲ. ಎಲ್ಲೋ ಒಂದು ಡಾಲ್ಫಿನಿನ ಬೆನ್ನು ಕಂಡರೂ ಬೋಟು ನಿಲ್ಲುವುದಿಲ್ಲ, ದಡದಲ್ಲಿ ಮುಂದಿನ ತಂಡ ಕಾದಿರುತ್ತದೆ. ಹಾಗೆಂದು ದಂಡವೇನಲ್ಲ. ಆ ಕಲ್ಲುಗಳನ್ನು ನೋಡಲಿಕ್ಕೆಂದೇ ಹೋದರೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ಗೈಡಿನ ಮಟ್ಟ ಅಳೆಯಲು ಆ ಕಲ್ಲುಗಳೇ ಸಾಕು. ಐದು, ಆರು, ಏಳು ಮುಖಗಳ ಈ ಕಂಬಗಳು ಹುಟ್ಟಿದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ ಲಾವಾದಿಂದ. ಲಾವಾ ತಣಿಯುತ್ತ ಕುಗ್ಗುವಾಗ ಬಿರುಕು ಬಿಡುತ್ತದೆ, ತಂಪಾಗುವ ಮೈಗೆ ಲಂಬವಾಗಿ ಆ ಬಿರುಕು ಒಳಕ್ಕಿಳಿಯುತ್ತ ಹೋಗಿ ಕಂಬ ಕಡಿದಂತಾಗುತ್ತದೆ. ಇದನ್ನು ದಖನ್ ಲಾವಾ ಎನ್ನುವ ಗೈಡುಗಳೇ ಹೆಚ್ಚು. ದಖನ್ ಲಾವಾಕ್ಕೆ ಸುಮಾರು 6.6 ಕೋಟಿ ವರ್ಷ ವಯಸ್ಸು, ಅದು ಬೇರೆಯೇ ಘಟನೆ. ಅದರ ಬಹುಪಾಲು ಸಿಲಿಕಾ ಕಡಿಮೆಯಿರುವ ಬಸಾಲ್ಟ್ ಕಲ್ಲು. ಇಲ್ಲಿರುವುದು ಸಿಲಿಕಾ ಹೆಚ್ಚಿರುವ ರಯೋಲೈಟ್ ಜಾತಿಯ ಕಲ್ಲು. ವಾಸ್ಕೋ ಡ ಗಾಮ ಕೋಳಿಕ್ಕೋಡಿಗೆ ಹೋಗುವ ಮೊದಲು ಇಲ್ಲಿಗೇ ಬಂದಿಳಿದ ಎಂಬ ಕತೆಯೂ ಸಲೀಸಾಗಿ ಹೊರಬರುತ್ತದೆ. ಆತನ ಯಾನದ ದಿನಚರಿಯ ಪ್ರಕಾರ ಆತ ಇಲ್ಲಿಗೆ ಬಂದು ಗುರುತಿನ ಸ್ತಂಭ ನೆಟ್ಟದ್ದು ಮರಳಿ ಹೋಗುವಾಗ, 1498ರ ಸೆಪ್ಟೆಂಬರಿನಲ್ಲಿ. ಬುಕ್ ಮಾಡುವ ಮೊದಲು ಫೋನಿನಲ್ಲಿ ಈ ಎರಡು ಪ್ರಶ್ನೆ ಕೇಳಿ ನೋಡಿ. ಕಲ್ಲಿನ ಬಗ್ಗೆ ಓದಿಕೊಂಡವರು ಸಾಮಾನ್ಯವಾಗಿ ಹಕ್ಕಿಯ ಬಗ್ಗೆಯೂ ಓದಿಕೊಂಡಿರುತ್ತಾರೆ.

ಇನ್ನು ಬಾಡಿಗೆ ಬೋಟು. ಇಲ್ಲಿ ದರ ತಲೆಗಲ್ಲ, ಬೋಟಿಗೆ ಮತ್ತು ಗಂಟೆಗೆ. ಎರಡೂವರೆಯಿಂದ ಮೂರು ಗಂಟೆ ಮಾತಾಡಿಕೊಳ್ಳಿ. ಒಂದು ಗಂಟೆಯ ಪ್ಯಾಕೇಜಿನಲ್ಲಿ ಅರ್ಧ ಹೊತ್ತು ಹೋಗಿಬರುವುದಕ್ಕೇ ಹೋಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಏಳುವುದು ಏಳು ಗಂಟೆಯ ಆಸುಪಾಸಿಗೆ. ಅಷ್ಟರಲ್ಲಿ ಬೋಟು ಅಳಿವೆ ದಾಟಿರಬೇಕು. ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ನೀರು ಎಣ್ಣೆ ಸವರಿದಂತೆ ನಯವಾಗಿರುತ್ತದೆ, ದೂರದ ರೆಕ್ಕೆಯ ಅಂಚು ಕೂಡ ಕಾಣುತ್ತದೆ. ಹನ್ನೊಂದರ ನಂತರ ನೆಲ ಕಾದು ಪಡುಗಾಳಿ ಎದ್ದರೆ ನೀರಿನ ಮೇಲೆಲ್ಲ ಸಣ್ಣ ತೆರೆ. ಆಗ ಡಾಲ್ಫಿನ್ ಪಕ್ಕದಲ್ಲೇ ಹಾದುಹೋದರೂ ತೆರೆ ಯಾವುದು, ಬೆನ್ನು ಯಾವುದು ಎಂದು ತಿಳಿಯುವುದಿಲ್ಲ. ‘ಮಧ್ಯಾಹ್ನ ರಶ್ ಇಲ್ಲ ಸರ್, ಆರಾಮ ಹೋಗಬಹುದು’ ಎನ್ನುವ ಏಜೆಂಟಿಗೆ ಡಾಲ್ಫಿನ್ ಬೇಕಿಲ್ಲ, ಖಾಲಿ ಬೋಟು ತುಂಬಬೇಕಾಗಿದೆ.

ದಾರಿಯನ್ನು ಮೊದಲೇ ಹೇಳಿಬಿಡಿ. ಬೆಳಗ್ಗೆ ಮೀನು ತುಂಬಿಕೊಂಡು ಟ್ರಾಲ್ ಬೋಟುಗಳು ಒಳಬರುವ ಅಳಿವೆಯಲ್ಲಿ ಹತ್ತು ನಿಮಿಷ ಎಂಜಿನ್ ತಗ್ಗಿಸಿ ನಿಲ್ಲಿಸಿ, ಹಕ್ಕಿ ಅತಿ ಹೆಚ್ಚು ಸಿಗುವ ಜಾಗ ಅದೇ. ಆಮೇಲೆ ಕರಾವಳಿಗೆ ಸಮಾನಾಂತರವಾಗಿ ಸಾಲಾಗಿರುವ ದ್ವೀಪಗಳು. ಕೆಳದಿಯ ಬಸಪ್ಪ ನಾಯಕ ಕಟ್ಟಿಸಿದ ಕೋಟೆಯ ಅವಶೇಷವಿರುವ ದರಿಯಾ ಬಹದ್ದೂರ್ ಗಡ ದಡಕ್ಕೆ ಹತ್ತಿರ. ಅದನ್ನು ನಿಧಾನ ಸುತ್ತಿ, ತೆಂಗಿನ ದ್ವೀಪದ ಪಡುಬದಿಯಿಂದ ಬಡಗಣ ದ್ವೀಪದವರೆಗೆ ಹೋಗಿ ಮರಳುವುದು ಒಳ್ಳೆಯ ಸುತ್ತು. ಹೋಗುವಾಗ ಎಡಬದಿಯಲ್ಲಿ ಕುಳಿತರೆ ಬಿಸಿಲು ಬೆನ್ನ ಹಿಂದೆ, ಹಕ್ಕಿಯ ಬಣ್ಣ ಸರಿಯಾಗಿ ಕಾಣುತ್ತದೆ. ಜನ ಇಳಿಯುವುದು ತೆಂಗಿನ ದ್ವೀಪದಲ್ಲಿ ಮಾತ್ರ. ಉಳಿದವನ್ನು ಬೋಟಿನಿಂದಲೇ ನೋಡಿ. ‘ಸ್ವಲ್ಪ ಎಕ್ಸ್‌ಟ್ರಾ ಕೊಡಿ, ಇಳಿಸುತ್ತೇನೆ’ ಎಂದರೆ ಒಪ್ಪಬೇಡಿ. ಹಕ್ಕಿ ಕೂರುವುದು ಅಲ್ಲಿ ಮನುಷ್ಯರಿಲ್ಲವೆಂದೇ.

ಚಳಿಗಾಲದಲ್ಲಿ ಖಾತರಿಯಾಗಿ ಸಿಗುವುದು ಗಲ್ ಮತ್ತು ರೀವ (ಟರ್ನ್) ಎಂಬ ಕಡಲ ಹಕ್ಕಿಗಳು. ಕಂದುತಲೆಯ ಗಲ್, ಹ್ಯೂಗ್ಲಿನ್ ಗಲ್, ಎಲ್ಲಕ್ಕಿಂತ ದೊಡ್ಡದಾದ ಪಲ್ಲಾಸ್ ಗಲ್ ಈ ಕರಾವಳಿಯ ಚಳಿಗಾಲದ ಅತಿಥಿಗಳು. ಹೆಸರು ನಂಬಿ ಕಂದುತಲೆ ಹುಡುಕುತ್ತ ಕೂರಬೇಡಿ. ಚಳಿಗಾಲದಲ್ಲಿ ಆ ತಲೆ ಬೆಳ್ಳಗಿರುತ್ತದೆ, ಕಣ್ಣಿನ ಹಿಂದೆ ಒಂದು ಕಪ್ಪು ಬೊಟ್ಟು ಮಾತ್ರ ಉಳಿದಿರುತ್ತದೆ. ರೆಕ್ಕೆಯ ಕಪ್ಪು ತುದಿಯಲ್ಲಿರುವ ಬಿಳಿ ಚುಕ್ಕೆ ಮತ್ತು ತಿಳಿ ಬಣ್ಣದ ಕಣ್ಣು ನೋಡಿ ಗುರುತಿಸಬೇಕು. ಜುಟ್ಟಿನ ರೀವಗಳಲ್ಲಿ ಕೊಕ್ಕು ಹಳದಿಯಾದರೆ ದೊಡ್ಡದು, ಕಿತ್ತಳೆಯಾದರೆ ಚಿಕ್ಕದು. ಬಂಡೆಯ ಅಂಚಿನಲ್ಲಿ ಬೂದುಬಣ್ಣದ ಕಡಲ ಬಕ. ಮೇಲೆ ಸುತ್ತುವ ಕೆಂಗಂದು ಮೈ, ಬಿಳಿ ತಲೆಯ ಹಕ್ಕಿ ನಮ್ಮ ಗರುಡ, ಬಂದರಿನ ತುಂಬ ಇದೆ. ಗೈಡುಗಳಲ್ಲಿ ಕೆಲವರು ಅದನ್ನೇ ಕಡಲ ಹದ್ದು ಎಂದು ತೋರಿಸಿ ಪಟ್ಟಿ ಉದ್ದ ಮಾಡುತ್ತಾರೆ. ಬಿಳಿಹೊಟ್ಟೆಯ ಕಡಲ ಹದ್ದು ಗರುಡನಿಗಿಂತ ಬಹಳ ದೊಡ್ಡದು, ಮೇಲ್ಮೈ ಬೂದು, ತಲೆ ಮತ್ತು ಹೊಟ್ಟೆ ಅಚ್ಚ ಬಿಳಿ, ಬಾಲ ಗಿಡ್ಡ. ತೇಲುವಾಗ ರೆಕ್ಕೆ ಎತ್ತಿ ಹಿಡಿದಿರುತ್ತದೆ. ಒಮ್ಮೆ ಕಂಡರೆ ಆಮೇಲೆ ಗೊಂದಲವಿಲ್ಲ.

ಗಲ್‌ಗಳಿಗೆ ಚುರುಮುರಿ, ಕುರ್‌ಕುರೆ ಎರಚಿ ಫೋಟೊ ತೆಗೆಸುವ ಬೋಟು ಕಂಡರೆ ಮುಂದಿನದಕ್ಕೆ ಹೋಗಿ. ಹಕ್ಕಿ ಹತ್ತಿರ ಬರುತ್ತದೆ, ನಿಜ. ಉಪ್ಪು, ಎಣ್ಣೆ ಅದರ ಹೊಟ್ಟೆಗೂ ಪ್ಲಾಸ್ಟಿಕ್ ಚೀಲ ನೀರಿಗೂ ಹೋಗುತ್ತದೆ.

ಡಾಲ್ಫಿನ್ ವಿಷಯಕ್ಕೆ ಬಂದರೆ, ಗ್ಯಾರಂಟಿ ಎನ್ನುವವರಿಗೆ ಹಣ ಕೊಡಲೇಬೇಡಿ. ಇಲ್ಲಿ ದಡಕ್ಕೆ ಹತ್ತಿರ ಓಡಾಡುವುದು ಹಿಂದೂ ಮಹಾಸಾಗರದ ಗೂನುಬೆನ್ನಿನ ಡಾಲ್ಫಿನ್. ಕಡುಬೂದು ಮೈ, ಉದ್ದ ಮೂತಿ, ಬೆನ್ನ ಮೇಲೊಂದು ದಿಬ್ಬ, ಆ ದಿಬ್ಬದ ಮೇಲೆ ಚಿಕ್ಕ ಈಜುರೆಕ್ಕೆ. ಹೆಚ್ಚು ಆಳಕ್ಕೆ ಹೋಗುವ ಪ್ರಾಣಿಯಲ್ಲ, ಅಳಿವೆ ಮತ್ತು ದ್ವೀಪಗಳ ನಡುವಿನ ಮೀನೇ ಅದರ ಊಟ, ಹಾಗಾಗಿ ಸಣ್ಣ ಬೋಟಿಗೂ ಸಿಗುತ್ತದೆ. ಬೆನ್ನ ಮೇಲೆ ರೆಕ್ಕೆಯೇ ಇಲ್ಲದೆ, ನೀರಿನ ಮೇಲೆ ಒಂದು ಕ್ಷಣ ಉರುಳಿ ಮಾಯವಾದರೆ ಅದು ಡಾಲ್ಫಿನ್ ಅಲ್ಲ, ಅದರ ಸಂಬಂಧಿಯಾದ ಪಾರ್ಪಸ್. ಅದು ಬೋಟಿನ ಹತ್ತಿರ ಬರುವುದೂ ಇಲ್ಲ, ಜಿಗಿಯುವುದೂ ಇಲ್ಲ. ಅದನ್ನು ಸರಿಯಾಗಿ ಹೆಸರಿಸಿದ ಗೈಡಿಗೆ ಹೆಚ್ಚು ಅಂಕ ಕೊಡಿ.

ಡಾಲ್ಫಿನ್ ಕಂಡ ಕ್ಷಣ ತಾಂಡೇಲ, ಅಂದರೆ ಬೋಟು ನಡೆಸುವವ, ಏನು ಮಾಡುತ್ತಾನೆ ಎಂಬುದರಲ್ಲೇ ಇಡೀ ಸೇವೆಯ ಬೆಲೆ ಇದೆ. ಕೆಲಸ ತಿಳಿದವ ವೇಗ ಇಳಿಸಿ, ಅದು ಹೋಗುವ ದಿಕ್ಕಿಗೆ ಸಮಾನಾಂತರವಾಗಿ ಬದಿಯಿಂದ ಹೋಗುತ್ತಾನೆ, ಕನಿಷ್ಠ 50 ಮೀಟರ್ ದೂರದಲ್ಲಿ ಎಂಜಿನನ್ನು ನ್ಯೂಟ್ರಲಿಗೆ ಹಾಕಿ ಕಾಯುತ್ತಾನೆ. ಡಾಲ್ಫಿನಿಗೆ ಕುತೂಹಲವಿದ್ದರೆ ಅದೇ ಹತ್ತಿರ ಬರುತ್ತದೆ. ತಿಳಿಯದವ ನೇರ ಅದರ ಮೇಲೆಯೇ ಬೋಟು ನುಗ್ಗಿಸುತ್ತಾನೆ. ಅದು ಮುಳುಗಿ ಎಲ್ಲೋ ದೂರದಲ್ಲಿ ಎದ್ದರೆ ಅಲ್ಲಿಗೂ ಓಡಿಸುತ್ತಾನೆ. ಎರಡು ಸಲ ಹೀಗಾದರೆ ಆ ಗುಂಪು ಮತ್ತೆ ಸಿಗುವುದಿಲ್ಲ. ಈ ಪ್ರಾಣಿಗಳು ದಿಕ್ಕು ಹಿಡಿಯುವುದು, ಮೀನು ಹುಡುಕುವುದು, ಮರಿಯ ಜತೆ ಸಂಪರ್ಕ ಇಟ್ಟುಕೊಳ್ಳುವುದು ಎಲ್ಲವೂ ಶಬ್ದದಿಂದ. ಎಂಜಿನಿನ ಅಬ್ಬರದಲ್ಲಿ ಅದೆಲ್ಲ ಮುಚ್ಚಿಹೋಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಚ್ಛೇದದಲ್ಲಿರುವ ಪ್ರಾಣಿ ಇದು, ಅಟ್ಟಾಡಿಸುವುದು ಅಪರಾಧ. ‘ಅಣ್ಣ, ಹಿಂದೆ ಹೋಗುವುದು ಬೇಡ, ಇಲ್ಲೇ ನಿಲ್ಲಿಸಿ’ ಎಂದು ಹೇಳಲು ಸಂಕೋಚ ಬೇಡ. ಹೆಚ್ಚಿನವರು ಓಡಿಸುವುದು ಗಿರಾಕಿಗೆ ಅದೇ ಬೇಕು ಎಂದುಕೊಂಡು.

ಹತ್ತುವ ಮೊದಲು ಬೋಟನ್ನು ನೋಡಿ. ಬೋಟಿನ ಹಿಂಬದಿಗೆ ಹೊರಗಿನಿಂದ ಸಿಕ್ಕಿಸಿದ ಔಟ್‌ಬೋರ್ಡ್ ಎಂಜಿನ್ ಚಾಲೂ ಮಾಡಿದಾಗ ಅದರ ಹಿಂಬದಿಯಿಂದ ಸಣ್ಣ ಧಾರೆಯಾಗಿ ನೀರು ಹಾರಬೇಕು. ಎಂಜಿನ್ ತಂಪು ಮಾಡುವ ನೀರು ಓಡಾಡುತ್ತಿದೆ ಎಂಬುದಕ್ಕೆ ಅದೇ ಗುರುತು. ಧಾರೆ ಕಡಿಮೆಯಿದ್ದರೆ ಒಳಗೆ ಮರಳೋ ಪ್ಲಾಸ್ಟಿಕ್ಕೋ ಸಿಕ್ಕಿದೆ. ನಡುನೀರಿನಲ್ಲಿ ಎಂಜಿನ್ ಬಿಸಿಯಾಗಿ ನಿಲ್ಲುತ್ತದೆ. ಇಲ್ಲಿ ಪದೇಪದೇ ಆಗುವ ಇನ್ನೊಂದು ತೊಂದರೆ, ತೇಲುವ ಬಲೆಯ ತುಂಡೋ ಹಗ್ಗವೋ ಬೋಟಿನ ಫ್ಯಾನಿಗೆ (ಪ್ರೊಪೆಲ್ಲರಿಗೆ) ಸುತ್ತಿಕೊಳ್ಳುವುದು. ಔಟ್‌ಬೋರ್ಡ್ ಆದರೆ ಎಂಜಿನ್ ಎತ್ತಿ ಚೂರಿಯಿಂದ ಬಿಡಿಸಬಹುದು. ದೊಡ್ಡ ಬೋಟಿನ ಫ್ಯಾನ್ ಅಡಿಯಲ್ಲಿರುವುದರಿಂದ ಒಬ್ಬ ನೀರಿಗಿಳಿಯಬೇಕು, ಇಲ್ಲವೆ ಇನ್ನೊಂದು ಬೋಟು ಬಂದು ಎಳೆಯಬೇಕು. ಆದ್ದರಿಂದ ಬೋಟಿನಲ್ಲಿ ಚೂರಿ, ಲಂಗರು, ಅದಕ್ಕೆ ಸಾಕಷ್ಟು ಹಗ್ಗ ಇವೆಯೇ ಕೇಳಿ. ಎಂಜಿನ್ ನಿಂತ ಬೋಟು ಲಂಗರಿಲ್ಲದೆ ಬಂಡೆಯ ಕಡೆಗೆ ತೇಲಿದರೆ ಯೋಚಿಸಲು ಸಮಯ ಸಿಗುವುದಿಲ್ಲ.

ಲೈಫ್ ಜಾಕೆಟ್ ಕೊಡುತ್ತಾರೆ, ಆದರೆ ಹೆಗಲಿಗೆ ನೇತುಹಾಕಿಕೊಂಡರೆ ಪ್ರಯೋಜನವಿಲ್ಲ. ಎಲ್ಲ ಬಕಲ್ ಹಾಕಿ, ಹೆಗಲ ಬಳಿ ಹಿಡಿದು ಮೇಲಕ್ಕೆಳೆದು ನೋಡಿ; ಗಲ್ಲ ದಾಟಿ ಕಿವಿಯವರೆಗೆ ಬಂದರೆ ಅದು ದೊಡ್ಡದಾಯಿತು. ಮಕ್ಕಳಿಗೆ ದೊಡ್ಡವರದನ್ನೇ ಬಿಗಿದು ಕಟ್ಟುವ ರೂಢಿ ಇದೆ, ಅದು ಬೇಡ. ಮಕ್ಕಳ ಅಳತೆಯದು ಇಲ್ಲದಿದ್ದರೆ ಆ ಬೋಟೇ ಬೇಡ.

ದ್ವೀಪದಲ್ಲಿ ಇಳಿಯುವುದಾದರೆ ಹಿಂಬದಿಗೆ ಪಟ್ಟಿಯಿರುವ ಚಪ್ಪಲಿ ಹಾಕಿ. ಹವಾಯಿ ಚಪ್ಪಲಿ ಮೊದಲ ತೆರೆಗೇ ಕಳಚುತ್ತದೆ, ಬಂಡೆಗೆ ಅಂಟಿದ ಸಿಂಪಿ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಇಳಿತದ ಅಂತರ ಒಂದೂವರೆ ಮೀಟರಿನ ಹತ್ತಿರ. ಇಳಿತದಲ್ಲಿ ಕಂಬಗಳ ಬುಡ, ಏಡಿ, ಬಕ ಎಲ್ಲ ಚೆನ್ನಾಗಿ ಕಾಣುತ್ತವೆ, ಆದರೆ ಹಾವಸೆಯ ಜಾರಿಕೆಯೂ ಆಗಲೇ ಹೆಚ್ಚು. ಪಡುಬದಿಯ ಬಂಡೆಯ ತುದಿಗೆ ಹೋಗಬೇಡಿ. ಐದಾರು ಸಣ್ಣ ತೆರೆಗಳ ನಂತರ ಒಂದು ದೊಡ್ಡದು ಬರುತ್ತದೆ, ಒದ್ದೆಯಾದ ಬಂಡೆ ಎಷ್ಟು ಎತ್ತರದವರೆಗಿದೆಯೋ ಅಲ್ಲಿಯವರೆಗೂ ಅದರ ಕೈ ಇದೆ. 2022ರ ಏಪ್ರಿಲಿನಲ್ಲಿ ಕೇರಳದಿಂದ ಬಂದ ವಿದ್ಯಾರ್ಥಿಗಳು ಈ ದ್ವೀಪದಲ್ಲಿ ಸಮುದ್ರಪಾಲಾದರು.

ತಲೆ ಸುತ್ತುವವರು ಮಾತ್ರೆಯನ್ನು ಹೊರಡುವ ಗಂಟೆ ಮೊದಲೇ ನುಂಗಬೇಕು, ವಾಕರಿಕೆ ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಖಾಲಿ ಹೊಟ್ಟೆಯೂ ಬೇಡ, ಬನ್ಸ್ ಸಾಂಬಾರೂ ಬೇಡ. ಎರಡು ಇಡ್ಲಿ ಸಾಕು. ಬೋಟಿನ ನಡುಭಾಗದಲ್ಲಿ ಕುಳಿತು ದಿಗಂತ ನೋಡಿ. ಎಂಜಿನಿನ ಹೊಗೆ ಮುಖಕ್ಕೆ ಬಡಿಯುವ ಹಿಂಬದಿಯ ಸೀಟು ಎಲ್ಲಕ್ಕಿಂತ ಕೆಟ್ಟದ್ದು.

ದುರ್ಬೀನು 8x42 (ಎಂಟು ಪಟ್ಟು, 42 ಮಿ.ಮೀ. ಲೆನ್ಸು) ಇರಲಿ. ಹತ್ತು ಪಟ್ಟಿನದು ದಡದಲ್ಲಿ ಒಳ್ಳೆಯದು, ಬೋಟಿನಲ್ಲಿ ಕೈಯ ನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ. ಲೆನ್ಸಿಗೆ ಉಪ್ಪುನೀರು ಸಿಡಿದರೆ ಒಣಬಟ್ಟೆಯಿಂದ ಉಜ್ಜಬೇಡಿ, ಉಪ್ಪಿನ ಹರಳು ಗೀರು ಹಾಕುತ್ತದೆ. ಸಿಹಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆ ಒಂದನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ಈ ಸೇವೆ ಇರುವುದಿಲ್ಲ. ಏಪ್ರಿಲ್, ಮೇಯಲ್ಲಿ ಮಾತ್ರ ಒಂದು ತಕರಾರು ಬರುತ್ತದೆ: ಆಕಾಶ ಶುಭ್ರ, ಗಾಳಿಯಿಲ್ಲ, ಆದರೂ ಬೋಟು ಬಿಡುವುದಿಲ್ಲ. ಸಾವಿರಾರು ಮೈಲಿ ದೂರದ ದಕ್ಷಿಣ ಸಾಗರದಲ್ಲೆದ್ದ ಉಬ್ಬುತೆರೆ ಇಲ್ಲಿಗೆ ಬಂದು ಮುಟ್ಟುವ ಕಾಲ ಅದು. ಕೇರಳದವರು ಕಳ್ಳಕಡಲ್ ಎನ್ನುವುದು ಇದನ್ನೇ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮುನ್ಸೂಚನೆ ಕೊಡುತ್ತದೆ, ಹಿಂದಿನ ಸಂಜೆಯೇ ನೋಡಿಕೊಳ್ಳಬಹುದು. ನಿಲ್ಲಿಸಿದ ತಾಂಡೇಲನ ಜತೆ ಜಗಳವಾಡಬೇಡಿ ಮಾರಾಯ್ರೆ. ಜಗಳವಾಡಬೇಕಾದದ್ದು ಅಡ್ವಾನ್ಸಿನ ವಿಷಯಕ್ಕೆ, ಅದೂ ಬುಕ್ ಮಾಡುವಾಗಲೇ. ಕಡಲು ಸರಿಯಿಲ್ಲದೆ ನಿಂತರೆ ಪೂರ್ತಿ ಹಣ ವಾಪಸ್, ‘ಇನ್ನೊಂದು ದಿನ ಬನ್ನಿ’ ಅಲ್ಲ, ಎಂದು ವಾಟ್ಸಾಪಿನಲ್ಲಿ ಬರೆಸಿಕೊಂಡ ಮೇಲೆಯೇ ಹಣ ಕಳಿಸಿ. ಬಾಕಿ ಹಣ ದಡ ಸೇರಿದ ಮೇಲೆ.