ಕರಾಟೆ ಕ್ಲಾಸಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಮಕ್ಕಳನ್ನು ಆತ್ಮರಕ್ಷಣೆಯ ಕ್ಲಾಸಿಗೆ ಸೇರಿಸಬೇಕು ಅಂತಿದ್ದೀರಾ? ಮೊದಲು ಒಂದು ದಿನ ಪೂರ್ತಿ ಕೂತು ಕ್ಲಾಸು ನೋಡಿ. ನಮ್ಮ ಬಡಾವಣೆಯ ಕ್ಲಾಸಿನ ಹೆಸರು ಹೇಳಲ್ಲ, ಅಂಥವು ಬೇಕಾದಷ್ಟಿವೆ. ಮೂರು ತಿಂಗಳಿಗೊಮ್ಮೆ ಬೆಲ್ಟ್ ಪರೀಕ್ಷೆ, ಅದಕ್ಕೆ ಬೇರೆ ಫೀಸು. ಫೇಲಾದ ಮಗುವನ್ನು ನಾನಂತೂ ನೋಡಲಿಲ್ಲ. ಮಗಳಿಗೆ ಬ್ಲ್ಯಾಕ್ ಬೆಲ್ಟಿಗೆ ಮುಂಚಿನ ಬ್ರೌನ್ ಬೆಲ್ಟೂ ಬಂತು.

ಅಲ್ಲಿ ಚಾಕು ಕಿತ್ತುಕೊಳ್ಳುವುದನ್ನೂ ಕಲಿಸುತ್ತಿದ್ದರು. ಜೊತೆಯ ಹುಡುಗ ಮರದ ಚಾಕು ಚಾಚಿ, ಕೈಯನ್ನು ಹಾಗೇ ನಿಲ್ಲಿಸಿಕೊಳ್ಳುತ್ತಾನೆ. ಇವಳು ತಿರುಚಿದ ಕೂಡಲೇ ತಾನಾಗಿ ಬೀಳುತ್ತಾನೆ. ನಿಜವಾಗಿ ಚಾಕು ಹಿಡಿದವನು ಹಾಗೆ ನಿಲ್ತಾನಾ? ಕೈ ಹಿಂದಕ್ಕೆಳೆದು ಮತ್ತೆ ಮತ್ತೆ ಚುಚ್ಚುತ್ತಾನೆ, ಅಲ್ವಾ?

ನಮ್ಮ ಮಾವನವರು ಮೈಸೂರಿನ ಗರಡಿಯಲ್ಲಿ ಪಳಗಿದವರು. ಒಂದು ದಿನ ಊಟ ಮುಗಿಸಿ ಅವಳ ಮಣಿಕಟ್ಟು ಹಿಡಿದು, "ಬಿಡಿಸ್ಕೋ ನೋಡೋಣ ಪುಟ್ಟಿ" ಅಂದರು. ಕಲಿತದ್ದನ್ನೆಲ್ಲ ಮಾಡಿದಳು. ಅವರು ಇನ್ನೊಂದು ಕೈಯಲ್ಲಿ ಮಜ್ಜಿಗೆ ಕುಡಿಯುತ್ತಾ ಕೂತಿದ್ದರು. ಕೊನೆಗೆ ಇವಳು ಅಳುಮುಖ ಮಾಡಿ, "ತಾತ, ನೀವು ಹಿಡ್ಕೊಂಡಿರೋದೇ ತಪ್ಪು!" ಅಂದಳು.

ಮಾಸ್ಟರನ್ನು ಕೇಳಿದೆ. "ನಮ್ಮ ಪಟ್ಟುಗಳು ತುಂಬಾ ಡೇಂಜರ್ ಮೇಡಂ, ಮಕ್ಕಳ ಕೈಲಿ ಜೋರಾಗಿ ಮಾಡಿಸೋಕಾಗಲ್ಲ" ಅಂದರು. ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಜಪಾನಿನಲ್ಲಿ 1882ರಲ್ಲಿ ಜೂಡೋ ಶಾಲೆ ಶುರು ಮಾಡಿದ ಜಿಗೊರೊ ಕಾನೊ ಇದಕ್ಕೊಂದು ದಾರಿ ತೋರಿಸಿದ್ದರು. ಜೂಡೋಗೆ ಮೂಲವಾದ ಹಳೆಯ ಜಪಾನಿ ಕಾಳಗವಿದ್ಯೆ ಜುಜುತ್ಸುವಿನ ಹೊಡೆತಗಳಂಥ ಅಪಾಯದ ಪಟ್ಟುಗಳನ್ನು ಬರೀ ಕ್ರಮಬದ್ಧ ಅಭ್ಯಾಸಕ್ಕೆ, ಅಂದರೆ ಕಾತಾಕ್ಕೆ, ಸೀಮಿತ ಮಾಡಿದರು. ಉಳಿದ ಪಟ್ಟುಗಳನ್ನು, ಬೀಳಲು ಒಪ್ಪದ ಎದುರಾಳಿಯ ಮೇಲೆ ಬಲ ಹಾಕಿ ಆಡಿಸಿದರು. ಅದೇ ರಂದೋರಿ. ಅಂದ ಹಾಗೆ, ಇಂಥ ಕ್ಲಾಸಿನವರು ಮಾರುವ ಬ್ಲ್ಯಾಕ್ ಬೆಲ್ಟ್ ಕೂಡ ಕರಾಟೆಗೆ ಬಂದದ್ದು ಕಾನೊ ಅವರ ಜೂಡೋದಿಂದಲೇ.

ಕಾತಾ ದಂಡ ಅಂತಲ್ಲ. ಮೈ ಹದವಾಗುತ್ತೆ, ಕಾಲಿನ ನಿಲುವು ಬರುತ್ತೆ. ಅದಷ್ಟನ್ನೇ ಕಲಿಸಿ "ನಿಮ್ಮ ಮಗಳು ಇನ್ನು ಯಾರಿಗೂ ಹೆದರಬೇಕಿಲ್ಲ" ಅನ್ನುವುದಿದೆಯಲ್ಲ, ಅಪಾಯ ಅಲ್ಲಿದೆ. ಇಲ್ಲದ ಧೈರ್ಯದಲ್ಲಿ, ಓಡಿಹೋಗಬೇಕಾದ ಹುಡುಗಿ ನಿಂತುಬಿಡ್ತಾಳೆ.

ಹಾಗಾಗಿ ಕೇಳಿ: ಎದುರಿನವರು ತಿರುಗಿಬೀಳುವ ಅಭ್ಯಾಸ ವಾರಕ್ಕೆ ಎಷ್ಟು ಸಲ? ಹಲ್ಲಿಗೆ ಗಾರ್ಡ್, ಕೈಗೆ ಗ್ಲೌಸ್ ಇದೆಯಾ? ಅದ್ಯಾವುದೂ ಇಲ್ಲದೆ 'ರಿಯಲ್ ಫೈಟ್' ಅಂತ ಹೊಸಬರನ್ನು ಹಳಬರ ಕೈಗೆ ಕೊಡುವ ಜಾಗಕ್ಕೂ ಹೋಗಬೇಡಿ. ವರ್ಷದ ಫೀಸು ಒಂದೇ ಸಲ ಕಟ್ಟಬೇಡಿ. ನಮ್ಮದು ವಾಪಸ್ ಬರಲಿಲ್ಲ.