ಹಿಂಬದಿ ವೈಪರ್: ಡೂಪ್ಲಿಕೇಟ್ ಮೋಟರ್, ಗುಜರಿ ಮೋಟರ್, ಬಿಚ್ಚಿ ತೊಳೆದ ಹಳೆಯ ಮೋಟರ್

ನನ್ನ 2009ರ ಹ್ಯಾಚ್‌ಬ್ಯಾಕ್ ಕಾರಿನ ಹಿಂಬದಿ ವೈಪರ್ ಇಂದು ಸರಿಯಾಗಿ ಓಡುತ್ತಿದೆ, ಮತ್ತು ಅದನ್ನು ಓಡಿಸುತ್ತಿರುವುದು ಕಾರಿನೊಂದಿಗೇ ಬಂದ ಹಳೆಯ ಮೋಟರ್. ಈ ಸರಳ ಸ್ಥಿತಿಗೆ ತಲುಪುವುದಕ್ಕೆ ಮೊದಲು ನಾನು ಡೂಪ್ಲಿಕೇಟ್ ಮೋಟರಿಗೆ 1,150 ರೂಪಾಯಿ, ಗುಜರಿ ಮೋಟರಿಗೆ 450 ರೂಪಾಯಿ ಕೊಟ್ಟೆ. ಎರಡೂ ಈಗ ಅಟ್ಟದ ಮೇಲೆ ಕುಳಿತಿವೆ. ಹಾಗಾಗಿ ಕೆಳಗಿನ ಹೋಲಿಕೆಯಲ್ಲಿ ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ.

ಚಿತ್ರದುರ್ಗದಂತಹ ಕಡಿಮೆ ಮಳೆಯ ಊರಿನಲ್ಲಿ ಹಿಂದಿನ ಗಾಜಿಗೆ ವೈಪರ್ ಏಕೆ ಎಂದು ಕೇಳುವವರು ಒಮ್ಮೆ ಭೀಮಸಮುದ್ರದ ಕಡೆಯ ಅದಿರು ಲಾರಿಗಳ ಬೆನ್ನು ಹಿಡಿದು ಪ್ರಯಾಣ ಮಾಡಬೇಕು. ಹಿಂಭಾಗವನ್ನು ನೆಟ್ಟಗೆ ಕಡಿದಂತಿರುವ ಕಾರು ಓಡುವಾಗ ಅದರ ಬೆನ್ನಿಗೆ ಗಾಳಿ ಸುಳಿಯಾಗಿ ತಿರುಗಿ, ಚಕ್ರಗಳು ಎಬ್ಬಿಸಿದ ಧೂಳನ್ನೂ ಕೆಸರನ್ನೂ ಗಾಜಿನ ಮೇಲೆಯೇ ತಂದು ಬಳಿಯುತ್ತದೆ. ನಾನು ವಾರದಲ್ಲಿ ಐದು ದಿನ ಹೊಳಲ್ಕೆರೆಗೆ ಹೋಗಿ ಬರುವವನು. ಒಂದು ತುಂತುರು ಮಳೆ ಬಿದ್ದರೆ ಸಾಕು, ಆ ಕೆಂಪು ಧೂಳು ಗೋಡೆಗೆ ಸಾರಿಸಿದ ಕೆಮ್ಮಣ್ಣಿನಂತೆ ಗಾಜಿಗೆ ಅಂಟಿಕೊಂಡು, ಒಳಗನ್ನಡಿಯಲ್ಲಿ ಹಿಂದಿನ ವಾಹನದ ದೀಪ ಮಾತ್ರ ಮಸುಕಾಗಿ ಕಾಣುತ್ತದೆ. ಬಟ್ಟೆಯಿಂದ ಒರೆಸಿಕೊಳ್ಳುವ ದಾರಿಯನ್ನು ಒಂದು ತಿಂಗಳು ಪ್ರಯತ್ನಿಸಿದೆ. ಗಾಜಿನ ಮೇಲೆ ಗೀರುಗಳು ಬಿದ್ದವು, ಅಷ್ಟೇ.

ಕಳೆದ ಸೆಪ್ಟೆಂಬರಿನ ಮಳೆಯಲ್ಲಿ ಸ್ವಿಚ್ ಒತ್ತಿದಾಗ ವೈಪರ್ ಅಲುಗಲಿಲ್ಲ. ಫ್ಯೂಸ್ ಸುಟ್ಟಿತ್ತು, ಹೊಸದನ್ನು ಹಾಕಿದ ಕೂಡಲೇ ಅದೂ ಸುಟ್ಟಿತು. ಮೆದೇಹಳ್ಳಿ ರಸ್ತೆಯ ಎಲೆಕ್ಟ್ರಿಷಿಯನ್ ಒಬ್ಬರು ಡಿಕ್ಕಿ ಬಾಗಿಲಿನ ಒಳಹಲಗೆಯನ್ನು ಬಿಚ್ಚದೆಯೇ, ಮೋಟರ್ ಹೋಗಿದೆ, ಬದಲಿಸಿ ಎಂದು ತೀರ್ಪು ಕೊಟ್ಟರು. ಆ ತೀರ್ಪನ್ನು ನಾನು ನಂಬಿದ್ದು ಮೊದಲ ತಪ್ಪು. ಮೋಟರಿನ ಸುರುಳಿ ಸುಟ್ಟರೂ ಫ್ಯೂಸ್ ಹೋಗುತ್ತದೆ, ಒಳ್ಳೆಯ ಮೋಟರಿನ ಶಾಫ್ಟ್ ಜಾಮ್ ಆಗಿ ತಿರುಗಲಾರದೆ ಕರೆಂಟ್ ಎಳೆದರೂ ಫ್ಯೂಸ್ ಹೋಗುತ್ತದೆ. ಎರಡರಲ್ಲಿ ಯಾವುದು ಎಂಬುದನ್ನು ವೈಪರ್ ಕಡ್ಡಿಯನ್ನು ಕಳಚಿ ಶಾಫ್ಟನ್ನು ಕೈಯಿಂದ ಅಲುಗಾಡಿಸಿ ನೋಡಿದರೆ ಐದು ನಿಮಿಷದಲ್ಲಿ ಊಹಿಸಬಹುದಿತ್ತು.

ದಾವಣಗೆರೆಯ ಪಿ.ಬಿ. ರಸ್ತೆಯ ಅಂಗಡಿಯೊಂದರಿಂದ ಡೂಪ್ಲಿಕೇಟ್ ಮೋಟರ್ ತಂದು ಕೂರಿಸಿದೆವು. ಬೋಲ್ಟುಗಳು ಸರಿಹೊಂದಿದವು, ಕನೆಕ್ಟರ್ ಸರಿಹೊಂದಿತು, ವೈಪರ್ ಚುರುಕಾಗಿ ಓಡಿತು. ಸ್ವಿಚ್ ಆಫ್ ಮಾಡಿದರೆ ಮಾತ್ರ ಅದು ಗಾಜಿನ ಬುಡಕ್ಕೆ ಬಂದು ಮಲಗುವುದನ್ನು ಬಿಟ್ಟು, ಆ ಕ್ಷಣಕ್ಕೆ ಎಲ್ಲಿತ್ತೋ ಅಲ್ಲಿಯೇ ನಿಂತುಬಿಡುತ್ತಿತ್ತು.

ಇದು ಕೇಳುವುದಕ್ಕೆ ಸಣ್ಣ ಸಂಗತಿ. ಆದರೆ ಕನ್ನಡಿಯ ನಟ್ಟನಡುವೆ ಕಪ್ಪು ಕೋಲೊಂದನ್ನು ನೆಟ್ಟುಕೊಂಡು ದಿನಕ್ಕೆ ಅರವತ್ತು ಕಿಲೋಮೀಟರಿಗೂ ಹೆಚ್ಚು ಗಾಡಿ ಓಡಿಸಿ ನೋಡಿದವರಿಗೆ ಅದರ ಕಿರಿಕಿರಿ ಗೊತ್ತು. ಸರಿಯಾಗಿ ಕೆಳಗೆ ಬರುವ ಹೊತ್ತಿಗೆ ಸ್ವಿಚ್ ಆಫ್ ಮಾಡುವ ಒಂದು ತಾಳಜ್ಞಾನವನ್ನು ನಾನು ಬೆಳೆಸಿಕೊಂಡೆ. ಹತ್ತು ಸಲದಲ್ಲಿ ಮೂರು ಸಲ ಗೆಲ್ಲುತ್ತಿದ್ದೆ. ಹಿಂದಿನ ಸೀಟಿನಲ್ಲಿ ಕುಳಿತ ಮಗಳು ಪ್ರತಿ ಸಲವೂ ಅಂಕ ಹಾಕುತ್ತಿದ್ದಳು.

ಅಂಗಡಿಗೆ ಹಿಂದಿರುಗಿ ದೂರಿದೆ. ಸುಮಾರು ಅರವತ್ತು ಕಿಲೋಮೀಟರ್ ಹೋಗಿ, ಅಷ್ಟೇ ದೂರ ಬರುವ ಪ್ರಯಾಣ. ಅಂಗಡಿಯವರು ಜಗಳವಾಡದೆ ಮೋಟರನ್ನು ಬದಲಿಸಿಕೊಟ್ಟರು, ಆದರೆ ಕೊಡುವಾಗ ಹೇಳಿದ ಮಾತು ನನಗೆ ಆಗ ನುಣುಚಿಕೊಳ್ಳುವ ಮಾತಾಗಿ ಕೇಳಿಸಿತು: "ಮೋಟರ್ ಸರಿ ಐತಿ ಸಾರ್, ನಿಮ್ಮ ಗಾಡಿ ವೈರಿಂಗ್ ಒಮ್ಮೆ ನೋಡ್ಸಿ." ಎರಡನೆಯ ಮೋಟರ್ ಕೂಡ ಗಾಜಿನ ನಡುವೆಯೇ ನಿಂತಿತು. ಡೂಪ್ಲಿಕೇಟ್ ಮಾಲೇ ಹೀಗೆ ಎಂದು ನಿರ್ಧರಿಸಿ, ದಾವಣಗೆರೆಯಲ್ಲಿಯೇ ಗುಜರಿಯೊಂದನ್ನು ಹುಡುಕಿ, ನನ್ನದೇ ಮಾದರಿಯ ಕಾರಿನಿಂದ ಕಳಚಿದ ಒರಿಜಿನಲ್ ಮೋಟರನ್ನು ತಂದೆ. ಅದೂ ಗಾಜಿನ ನಡುವೆಯೇ ನಿಂತಿತು.

ಮೂರು ಮೋಟರುಗಳಿಗೆ ಒಂದೇ ರೋಗ ಬರುವುದಿಲ್ಲವೆಂಬುದು ನನಗೆ ಹೊಳೆದದ್ದು ಆಗ. ಗುಜರಿ ಮೋಟರಿಗೆ ಕೊಟ್ಟ 450 ರೂಪಾಯಿ ಈ ಬುದ್ಧಿಗೆ ಸಂದಿತು ಎಂದೇ ಲೆಕ್ಕ ಬರೆದುಕೊಂಡಿದ್ದೇನೆ.

ಈ ಮಾದರಿಯ ವೈಪರ್ ಮೋಟರಿಗೆ ಹೋಗುವ ತಂತಿಗಳಲ್ಲಿ ಒಂದು ಸ್ವಿಚ್ ಒತ್ತಿದಾಗ ಮಾತ್ರ ಕರೆಂಟ್ ತರುತ್ತದೆ, ಒಂದು ಅರ್ಥಿಂಗ್, ಇನ್ನೊಂದರಲ್ಲಿ ಕೀ ಆನ್ ಇರುವಷ್ಟು ಹೊತ್ತೂ ಕರೆಂಟ್ ಇರುತ್ತದೆ. ಸ್ವಿಚ್ ಆಫ್ ಆದ ಮೇಲೆ ಕಡ್ಡಿಯನ್ನು ಬುಡದವರೆಗೆ ತಂದು ಮಲಗಿಸುವುದು ಆ ಮೂರನೆಯ ತಂತಿಯ ಕೆಲಸ; ಮೋಟರಿನ ಒಳಗಿರುವ ತಿರುಗುವ ಬಿಲ್ಲೆಯೊಂದು ಸರಿಯಾದ ಜಾಗ ಬಂದಾಗ ಆ ಕರೆಂಟನ್ನು ಕಡಿಯುತ್ತದೆ. ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದರೆ ನನ್ನ ಕಾರಿನ ಮೂರನೆಯ ತಂತಿ ಸತ್ತಿತ್ತು. ಡಿಕ್ಕಿ ಬಾಗಿಲನ್ನು ನಿಧಾನವಾಗಿ ಎತ್ತಿ ಇಳಿಸಿದಾಗ ದೀಪ ಒಮ್ಮೆ ಮಿಣುಕಿ ಆರಿತು. ನಂಬರ್ ಪ್ಲೇಟಿನ ದೀಪವೂ ಕೆಲವು ತಿಂಗಳಿಂದ ಹೀಗೆಯೇ ಮಿಣುಕುತ್ತಿದ್ದುದನ್ನು ನಾನು ಬಲ್ಬಿನ ದೋಷವೆಂದು ಬಿಟ್ಟಿದ್ದೆ.

ಕಾರಿನ ಮೈಯಿಂದ ಡಿಕ್ಕಿ ಬಾಗಿಲಿಗೆ ತಂತಿಗಳು ದಾಟುವ ಜಾಗದಲ್ಲಿ, ಮೇಲ್ಗಡೆ ಕೀಲಿನ ಪಕ್ಕ, ಮಡಿಕೆ ಮಡಿಕೆಯಾದ ರಬ್ಬರ್ ಕೊಳವೆಯೊಂದಿರುತ್ತದೆ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ತಂತಿಗಳು ಅಲ್ಲಿಯೇ ಮಡಚುತ್ತವೆ. ಹದಿನೈದು ವರ್ಷಗಳ ಬಿಸಿಲಿಗೆ ಪೆಡಸಾದ ತಂತಿ, ಮೇಲಿನ ಪ್ಲಾಸ್ಟಿಕ್ ಹೊದಿಕೆ ನೋಡುವುದಕ್ಕೆ ಸರಿಯಾಗಿಯೇ ಇದ್ದರೂ, ಒಳಗೆ ತಾಮ್ರ ತುಂಡಾಗಿ ನಿಂತಿರುತ್ತದೆ. ರಬ್ಬರನ್ನು ಹಿಂದಕ್ಕೆ ಎಳೆದು ನೋಡಿದಾಗ ಒಂದು ತಂತಿ ಪೂರ್ತಿ ಕಡಿದಿತ್ತು, ಇನ್ನೆರಡು ಕಡಿಯುವ ಅಂಚಿನಲ್ಲಿದ್ದವು. ಬೇರೊಬ್ಬ ಎಲೆಕ್ಟ್ರಿಷಿಯನ್ 200 ರೂಪಾಯಿಗೆ ಮೂರಕ್ಕೂ ಮೃದುವಾದ, ಹಲವು ಎಳೆಗಳ ತಂತಿ ಸೇರಿಸಿಕೊಟ್ಟರು. ಕಡಿದ ಜಾಗದಲ್ಲಿಯೇ ತಿರುಚಿ ಟೇಪ್ ಸುತ್ತಿದರೆ ಅದು ಮತ್ತೆ ಅಲ್ಲಿಯೇ ಮಡಚಿ ಕಡಿಯುತ್ತದೆ. ಜೋಡಣೆಗಳನ್ನು ರಬ್ಬರ್ ಕೊಳವೆಯ ಹೊರಗೆ, ಮಡಚದ ಕಡೆ, ಒಂದರ ಪಕ್ಕದಲ್ಲಿ ಇನ್ನೊಂದು ಬಾರದಂತೆ ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ತೋಳು ಹೊದಿಸಬೇಕು. ಇಷ್ಟು ಮಾಡಿದ ಮೇಲೆ ಡೂಪ್ಲಿಕೇಟ್ ಮೋಟರ್ ಶಿಷ್ಯನಂತೆ ಬುಡಕ್ಕೆ ಬಂದು ಮಲಗಿತು. ನಾನು ಅದಕ್ಕೂ ಅಂಗಡಿಯವರಿಗೂ ಹಾಕಿದ ಶಾಪದಲ್ಲಿ ಅರ್ಧವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಉಳಿದರ್ಧ ಏಕೆ ಎಂದರೆ, ಶಾಫ್ಟ್ ಹೊರಬರುವ ಜಾಗದಲ್ಲಿ ಅದರೊಂದಿಗೆ ಬಂದ ರಬ್ಬರ್ ತೆಳುವಾಗಿತ್ತು. ಮೊದಲ ಜೋರು ಮಳೆಯಲ್ಲಿಯೇ ನೀರು ಒಳಹಲಗೆಯ ಹಿಂದೆ ಇಳಿದು ಡಿಕ್ಕಿಯ ಚಾಪೆ ಒದ್ದೆಯಾಯಿತು. ಸದ್ದೂ ಸ್ವಲ್ಪ ಹೆಚ್ಚು. ಗುಜರಿ ಮೋಟರಿನ ತೊಂದರೆ ಬೇರೆ: ಅದು ಮೌನವಾಗಿ ಓಡುತ್ತದೆ, ಆದರೆ ಯಾರೋ ಹಿಂದೆ ನಟ್ ಸಡಿಲ ಬಿಟ್ಟು ಓಡಿಸಿದ್ದರಿಂದ ಶಾಫ್ಟಿನ ತುದಿಯ ಹಲ್ಲುಗಳು ಸವೆದು, ಗಾಜಿನ ಮೇಲೆ ಕೆಸರು ದಪ್ಪವಿದ್ದರೆ ಕಡ್ಡಿ ಜಾರುತ್ತದೆ. ಗುಜರಿಯಲ್ಲಿ ಕೊಳ್ಳುವವರು ಆ ಹಲ್ಲುಗಳನ್ನು ಉಗುರಿನಿಂದ ಸವರಿ ನೋಡಿಯೇ ಹಣ ಕೊಡಬೇಕು.

ಕಂಪನಿಯ ಹೊಸ ಮೋಟರಿನ ಬೆಲೆ 3,650 ರೂಪಾಯಿ, ಹದಿನೈದು ದಿನ ಕಾಯಬೇಕು ಎಂದರು. ಅದನ್ನು ನಾನು ಕೊಳ್ಳಲಿಲ್ಲ, ಹಾಗಾಗಿ ಅದರ ಗುಣದೋಷ ಹೇಳುವ ಅಧಿಕಾರ ನನಗಿಲ್ಲ.

ಚಾಪೆ ಒದ್ದೆಯಾದ ಭಾನುವಾರವೇ ಹಳೆಯ ಮೋಟರನ್ನು ಬಿಚ್ಚಲು ಕುಳಿತೆ. ಉಕ್ಕಿನ ಶಾಫ್ಟ್ ಅಲ್ಯೂಮಿನಿಯಂ ಕವಚದೊಳಗೆ ತಿರುಗುತ್ತದೆ. ಸೀಲ್ ಸವೆದು ನೀರು ಇಳಿದರೆ ನಡುವೆ ಸುಣ್ಣದಂತಹ ಬಿಳಿ ಪುಡಿ ಕಟ್ಟಿ ಎರಡನ್ನೂ ಅಂಟಿಸಿಬಿಡುತ್ತದೆ. ನಮ್ಮ ಊರಿನಲ್ಲಿ ವರ್ಷದ ಹೆಚ್ಚಿನ ತಿಂಗಳು ಈ ವೈಪರನ್ನು ಯಾರೂ ಮುಟ್ಟದಿರುವುದರಿಂದ ಅಂಟಿದ್ದು ಮಳೆ ಬರುವವರೆಗೂ ತಿಳಿಯುವುದಿಲ್ಲ. ತುದಿಯ ಲಾಕನ್ನು ತೆಗೆದು, ಶಾಫ್ಟಿನ ಸುತ್ತ ಡಬ್ಲ್ಯೂಡಿ-40 ಬಿಟ್ಟು ಒಂದು ರಾತ್ರಿ ನೆನೆಸಿದೆ. ಮಾರನೆಯ ದಿನ ಸುತ್ತಿಗೆಗೆ ಕೈ ಹೋಗದಂತೆ ತಡೆದುಕೊಂಡು, ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ತಿರುಗಿಸುತ್ತ ಬಂದೆ. ಒಳಗಿನ ಹಲ್ಲುಚಕ್ರ ಪ್ಲಾಸ್ಟಿಕ್ಕಿನದು, ಒಂದು ಪೆಟ್ಟಿಗೆ ಎಲ್ಲ ಮುಗಿಯುತ್ತಿತ್ತು. ಮುಕ್ಕಾಲು ಗಂಟೆಯ ಮೇಲೆ ಶಾಫ್ಟ್ ಬಿಟ್ಟುಕೊಟ್ಟಿತು. ನಯವಾದ ಎಮರಿ ಕಾಗದದಿಂದ ಉಜ್ಜಿ, ಮೇಣದಂತೆ ಗಟ್ಟಿಯಾಗಿದ್ದ ಹಳೆಯ ಗ್ರೀಸನ್ನು ಕೆರೆದು ಸೀಮೆಎಣ್ಣೆಯಲ್ಲಿ ಒರೆಸಿ, ಹೊಸ ಗ್ರೀಸ್ ತುಂಬಿ, ಹೊಸ ರಬ್ಬರ್ ಉಂಗುರ ಹಾಕಿದೆ. ಒಟ್ಟು ಖರ್ಚು 180 ರೂಪಾಯಿ, ಒಂದು ಹಳೆಯ ಅಂಗಿ. ಮೋಟರಿನ ಸುರುಳಿಗೆ ಏನೂ ಆಗಿರಲಿಲ್ಲ.

ಕಡ್ಡಿಯನ್ನು ಕಳಚುವ ಮೊದಲು ಅದು ಮಲಗುವ ಜಾಗಕ್ಕೆ ಗಾಜಿನ ಮೇಲೆ ಟೇಪ್ ಅಂಟಿಸಿಕೊಳ್ಳುವುದು ಒಳ್ಳೆಯದು.

ನನ್ನ ಆಯ್ಕೆಯ ಹಿಂದೆ ನನ್ನ ಲೆಕ್ಕವೂ ಇದೆ. ಕಾರಿಗೆ ಹದಿನೈದು ವರ್ಷ ತುಂಬಿದಾಗ ಆರ್.ಸಿ.ಯನ್ನು ಐದು ವರ್ಷಕ್ಕೆ ನವೀಕರಿಸಿದ್ದೇನೆ. 2029ರವರೆಗೆ ಬಂದರೆ ಸಾಕಾದ ಗಾಡಿಗೆ 3,650 ರೂಪಾಯಿಯ ಮೋಟರ್ ಹಾಕುವ ಮನಸ್ಸು ನನಗಿಲ್ಲ. ಭಾನುವಾರ ಕಾರು ತೊಳೆಯುವುದು ನನ್ನ ಹಳೆಯ ಅಭ್ಯಾಸ, ಈಗ ಅದರೊಂದಿಗೆ ಗಾಜಿಗೆ ನೀರು ಹೊಯ್ದು ವೈಪರನ್ನು ಹತ್ತು ಸುತ್ತು ಓಡಿಸುತ್ತೇನೆ. ಕೈಗೆ ಗ್ರೀಸ್ ಅಂಟಿಸಿಕೊಳ್ಳಲು ಮನಸ್ಸಿಲ್ಲದವರು, ಹಳೆಯ ಶಾಫ್ಟಿನ ದಪ್ಪ ರಬ್ಬರ್ ಗಟ್ಟಿಯಾಗಿದ್ದರೆ ಅದನ್ನೇ ಉಳಿಸಿಕೊಂಡು, ಡೂಪ್ಲಿಕೇಟ್ ಹಾಕಿಸಬಹುದು. ತಂತಿಗಳನ್ನು ಪರೀಕ್ಷಿಸಿದ ಮೇಲೆ. ದಾವಣಗೆರೆಯ ಗೆಳೆಯನೊಬ್ಬ ಅಟ್ಟದ ಮೇಲಿನ ಡೂಪ್ಲಿಕೇಟನ್ನು 700 ರೂಪಾಯಿಗೆ ಕೇಳಿದ್ದಾನೆ. ಅವನ ಕಾರಿನ ನಂಬರ್ ಪ್ಲೇಟಿನ ದೀಪವೂ ಮಿಣುಕುತ್ತಿದೆಯಂತೆ, ಅದಕ್ಕೇ ಇನ್ನೂ ಕೊಟ್ಟಿಲ್ಲ.